'ಬೋನ್': ಹಕ್ಕು ಬಿಟ್ಟುಕೊಡದ ಕಾಮಿಕ್ಸ್ ನಡೆದು ಬಂದ ದಾರಿ

ತುಮಕೂರಿನ ಕಾಲೇಜುಗಳಲ್ಲಿ ಚೆನ್ನಾಗಿ ಚಿತ್ರ ಬರೆಯುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಸ್ವಂತ ಕಾಮಿಕ್ಸ್ ಮಾಡುವ ಆಸೆಯೂ ಕೆಲವರಿಗಿದೆ. ಆದರೆ 'ಇದನ್ನ ಯಾರು ಪ್ರಿಂಟ್ ಮಾಡ್ತಾರೆ?' ಅನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಅವರೆಲ್ಲ 'ಬೋನ್' ಅನ್ನುವ ಅಮೆರಿಕದ ಕಾಮಿಕ್ಸ್ ಸರಣಿಯ ಕಥೆ ತಿಳಿಯಬೇಕು.

ಅದನ್ನು ಬರೆದ ಚಿತ್ರಕಾರ ಜೆಫ್ ಸ್ಮಿತ್ ಈ ಪಾತ್ರಗಳನ್ನು ಮೊದಲು ಅಚ್ಚಿಗೆ ತಂದಿದ್ದು 1980ರ ದಶಕದಲ್ಲಿ, ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಯ ವಿದ್ಯಾರ್ಥಿ ಪತ್ರಿಕೆಯಲ್ಲಿ. ಆಗ ಆ ಕಾಮಿಕ್ ಸ್ಟ್ರಿಪ್‌ನ ಹೆಸರು 'ಥಾರ್ನ್'. ಪತ್ರಿಕೆಗಳಿಗೆ ಕಾಮಿಕ್ ಸ್ಟ್ರಿಪ್ ಹಂಚುವ ಸಿಂಡಿಕೇಟ್‌ಗಳ ಬಾಗಿಲನ್ನೂ ತಟ್ಟಿದರು. ಆಗೆಲ್ಲ ಸಿಂಡಿಕೇಟ್ ಸೇರಿದರೆ ಪಾತ್ರಗಳ ಹಕ್ಕು ಸಾಮಾನ್ಯವಾಗಿ ಕಂಪನಿಯ ಪಾಲಾಗುತ್ತಿತ್ತು. ಆ ದಾರಿ ಸರಿಹೋಗಲಿಲ್ಲ. 1991ರಲ್ಲಿ ಅವರು ಕೊಲಂಬಸ್ ಊರಿನಲ್ಲಿ 'ಕಾರ್ಟೂನ್ ಬುಕ್ಸ್' ಅನ್ನುವ ಸ್ವಂತ ಪ್ರಕಾಶನ ಶುರು ಮಾಡಿ 'ಬೋನ್' ಮೊದಲ ಸಂಚಿಕೆ ತಂದರು. ಮುಂದೆ ಪತ್ನಿ ವಿಜಯಾ ಅಯ್ಯರ್ ತಮ್ಮ ಸಾಫ್ಟ್‌ವೇರ್ ಕೆಲಸ ಬಿಟ್ಟು ಪ್ರಕಾಶನದ ವ್ಯವಹಾರವನ್ನೆಲ್ಲ ಹೊತ್ತುಕೊಂಡರು. ನನ್ನ ಪ್ರಕಾರ ಈ ಸರಣಿಯ ಅರ್ಧ ಪಾಲು ಅವರದ್ದೇ.

ಕಥೆಯಲ್ಲಿರೋದು ಊರು ಬಿಟ್ಟು ಓಡಿಬಂದ ಮೂವರು ಸೋದರ ಸಂಬಂಧಿಗಳು, ಡ್ರ್ಯಾಗನ್ನು, ಒಬ್ಬಳು ಅಜ್ಜಿ. ಈ ಅಜ್ಜಿ ಜಾತ್ರೆಯಲ್ಲಿ ಹಸುಗಳ ಜೊತೆ ತಾನೇ ಓಟದ ಪಂದ್ಯಕ್ಕೆ ಇಳಿಯುತ್ತಾಳೆ! ಸಿದ್ಧಗಂಗೆಯ ದನಗಳ ಜಾತ್ರೆ ನೋಡಿ ಬೆಳೆದ ಮಕ್ಕಳಿಗೆ ಇವಳು ನಮ್ಮವಳೇ ಅನ್ನಿಸುತ್ತಾಳೆ, ಅಲ್ವಾ? ಇನ್ನೊಂದು ಕಡೆ ಚಳಿಗಾಲದ ಹಿಮವೆಲ್ಲ ಒಂದೇ ಏಟಿಗೆ ಧೊಪ್ಪನೆ ಬೀಳುತ್ತದೆ. ಕಪ್ಪು ಇಂಕು, ಖಾಲಿ ಬಿಟ್ಟ ಬಿಳಿ ಹಾಳೆ, ಅಷ್ಟರಲ್ಲೇ ಇದೆಲ್ಲ. ಬಣ್ಣವೇ ಇಲ್ಲ.

ಅಮೆರಿಕದ ಕಾಮಿಕ್ಸ್ ಅಂಗಡಿಗಳು ವಿತರಕರ ಮೂಲಕ ಮುಂಚೆಯೇ ಆರ್ಡರ್ ಕೊಡುತ್ತಿದ್ದವು. ಮಾರಾಟವಾಗದೆ ಉಳಿದದ್ದನ್ನು ವಾಪಸ್ ಮಾಡುವ ಹಾಗಿರಲಿಲ್ಲ. ಹಾಗಾಗಿ ಎಷ್ಟು ಪ್ರತಿ ಹಾಕಿಸಬೇಕು ಅನ್ನೋದು ಸಣ್ಣ ಪ್ರಕಾಶಕರಿಗೆ ಮೊದಲೇ ಗೊತ್ತಾಗುತ್ತಿತ್ತು. 1993ರಿಂದ ಹಳೆಯ ಸಂಚಿಕೆಗಳು ಪುಸ್ತಕವಾಗಿಯೂ ಬಂದವು. ತಡವಾಗಿ ಬಂದ ಓದುಗರೂ ಮೊದಲಿನಿಂದ ಓದಬಹುದಾಯಿತು.

ಆದರೆ 1994ರ ಕೊನೆಗೆ ದೊಡ್ಡ ಕಾಮಿಕ್ಸ್ ಪ್ರಕಾಶನ ಸಂಸ್ಥೆ ಮಾರ್ವೆಲ್ ಒಂದು ವಿತರಣಾ ಕಂಪನಿಯನ್ನೇ ಕೊಂಡುಕೊಂಡಿತು. ಇಡೀ ವಿತರಣೆ ತಲೆಕೆಳಗಾಯಿತು. 1996ರ ಹೊತ್ತಿಗೆ ದೊಡ್ಡ ವಿತರಕರಲ್ಲಿ ಉಳಿದದ್ದು ಡೈಮಂಡ್ ಒಂದೇ. ಸಣ್ಣವರಿಗೆ ಜಾಸ್ತಿ ಪೆಟ್ಟು ಬಿತ್ತು. ಇದೇ ಗೊಂದಲದ ನಡುವೆ 21ರಿಂದ 27ರವರೆಗಿನ ಸಂಚಿಕೆಗಳನ್ನು ಸ್ಮಿತ್ ಇಮೇಜ್ ಕಾಮಿಕ್ಸ್ ಅನ್ನುವ ಬೇರೆ ಪ್ರಕಾಶನದ ಮೂಲಕ ತಂದರು. 28ನೇ ಸಂಚಿಕೆಗೆ ಮತ್ತೆ ಸ್ವಂತ ಪ್ರಕಾಶನಕ್ಕೆ ಬಂದರು. ಹಕ್ಕು ಅವರ ಕೈಯಲ್ಲೇ ಇತ್ತು, ಅದಕ್ಕೇ ವಾಪಸ್ ಬರಲು ಸಾಧ್ಯವಾಯಿತು.

2004ರಲ್ಲಿ 55ನೇ ಸಂಚಿಕೆಗೆ ಕಥೆ ಮುಗಿಯಿತು. ಅದೇ ವರ್ಷ 1,300ಕ್ಕೂ ಹೆಚ್ಚು ಪುಟದ ಒಂದೇ ಸಂಪುಟ ಬಂತು. ಬಣ್ಣ ಸಿಕ್ಕಿದ್ದು 2005ರಲ್ಲಿ. ಮಕ್ಕಳ ಪುಸ್ತಕ ಪ್ರಕಟಿಸುವ ಸ್ಕೊಲಾಸ್ಟಿಕ್ ಸಂಸ್ಥೆ 'ಗ್ರಾಫಿಕ್ಸ್' ಎಂಬ ತನ್ನ ಕಾಮಿಕ್ಸ್ ವಿಭಾಗವನ್ನು ಶುರು ಮಾಡಿದ್ದೇ ಬಣ್ಣದ 'ಬೋನ್' ಮೂಲಕ. ಅಲ್ಲಿಂದ ಅದು ಶಾಲಾ ಮಕ್ಕಳ ಕೈ ಸೇರಿತು.

ಅಮೆರಿಕದಂಥ ಕಾಮಿಕ್ಸ್ ಅಂಗಡಿಗಳ ಜಾಲ ನಮ್ಮಲ್ಲಿಲ್ಲ. ಆದರೂ ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಅಷ್ಟೇ ಪ್ರತಿ ಹಾಕಿಸಬಹುದು. ಕಪ್ಪು ಬಿಳುಪಿನ ಒಂದು ತೆಳು ಸಂಚಿಕೆಯಿಂದಲೇ ಶುರು ಮಾಡಿ. ಯಾರಾದರೂ ಕರಾರುಪತ್ರ ಹಿಡಿದು ಬಂದರೆ, ಹಕ್ಕು ಯಾರದ್ದು ಅಂತ ಬರೆದಿರುವ ಸಾಲು ಓದದೆ ಸುಮ್ನೆ ಸಹಿ ಹಾಕಬೇಡಿ.