ಪದ ಪರಿಚಯ: ಲಾಳಿ

‘ಬೆಳಗಿನಿಂದ ಬ್ಯಾಂಕಿಗೂ ತಾಲ್ಲೂಕು ಕಚೇರಿಗೂ ಲಾಳಿಯಂತೆ ಓಡಾಡಿದ್ದೇ ಆಯ್ತು’ ಅನ್ನುತ್ತೇವೆ. ಮಗ್ಗ ನೋಡದವರೂ ಈ ಮಾತು ಆಡುತ್ತಾರೆ. ಆದರೆ ಲಾಳಿ ಏನು ಮಾಡುತ್ತದೆ ಎಂದು ತಿಳಿದರೆ ಈ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಅಡ್ಡಕ್ಕೆ ಸೇರುವುದು ಹೊಕ್ಕು. ಹೊಕ್ಕಿನ ನೂಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ದಡದಿಂದ ಆ ದಡಕ್ಕೆ ಓಡುವ, ಎರಡೂ ತುದಿ ಚೂಪಾದ ಮರದ ಸಾಧನವೇ ಲಾಳಿ. ಒಳಗೆ ನೂಲು ಸುತ್ತಿದ ಕಂಡಿಕೆ, ಪಕ್ಕದಲ್ಲಿ ನೂಲು ಹೊರಬರುವ ಸಣ್ಣ ಕಣ್ಣು. ಬರೆಯುವಾಗ ಳಕಾರ ತಪ್ಪಬಾರದು: ‘ಲಾಲಿ’ ಎಂದರೆ ಜೋಗುಳವಾಗುತ್ತದೆ. ‘ಲಾಳ’ ಎತ್ತು, ಕುದುರೆಯ ಪಾದಕ್ಕೆ ಹೊಡೆಯುವಂಥದ್ದು. ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆ ಸೀರೆ ನೇಯುವ ಊರು. ಅಲ್ಲಿ ತೆಲುಗಿನ ‘ನಾಡೆ’ ಎಂಬ ಪದ ಕಿವಿಗೆ ಬಿದ್ದರೆ ಅದೂ ಇದೇ.

ಕೆಲಸದ ಕ್ರಮ ಹೀಗೆ. ನೇಕಾರರು ಕಾಲಡಿಯ ಹಲಗೆ ತುಳಿದಾಗ ಹಾಸಿನ ಕೆಲವು ಎಳೆ ಮೇಲೇಳುತ್ತವೆ, ಉಳಿದವು ಕೆಳಗಿಳಿಯುತ್ತವೆ. ನಡುವೆ ಬಾಯಿ ತೆರೆದುಕೊಳ್ಳುತ್ತದೆ. ಹಗ್ಗ ಎಳೆದರೆ ಲಾಳಿ ಆ ಬಾಯಿಯೊಳಗಿಂದ ಹಾರಿ ಎದುರಿನ ಪೆಟ್ಟಿಗೆ ಸೇರುತ್ತದೆ. ಬಿಟ್ಟು ಬಂದ ಎಳೆಯನ್ನು ಬಾಚಣಿಗೆಯಂಥ ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಮತ್ತೆ ತುಳಿತ, ಈಗ ಲಾಳಿ ವಾಪಸು. ಹೀಗೆ ಹಗ್ಗದಿಂದ ಹಾರಿಸುವ ಲಾಳಿಗೆ 1733ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜಾನ್ ಕೇ; ಅದಕ್ಕೂ ಮೊದಲು ಕೈಯಿಂದ ಎಸೆದು ಕೈಯಿಂದಲೇ ಹಿಡಿಯಬೇಕಿತ್ತು. ಇಂಚಿಗೆ 70 ಹೊಕ್ಕಿನ ಲೆಕ್ಕ ಹಿಡಿದರೆ ಐದೂವರೆ ಮೀಟರ್ ಸೀರೆಗೆ ಲಾಳಿ 15,000ಕ್ಕೂ ಹೆಚ್ಚು ಸಲ ಓಡಬೇಕು.

ತಪ್ಪುವುದೂ ಈ ಓಟದಲ್ಲೇ. ಬಾಯಿ ಪೂರ್ತಿ ತೆರೆಯುವ ಮೊದಲೇ ಹಗ್ಗ ಎಳೆದರೆ ಲಾಳಿ ತಗುಲಿ ಹಾಸಿನ ಎಳೆಗಳು ಕಡಿಯುತ್ತವೆ, ಇಲ್ಲವೇ ಲಾಳಿಯೇ ಮಗ್ಗದಿಂದ ಹೊರಗೆ ಚಿಮ್ಮುತ್ತದೆ. ಎಳೆತ ಸಾಲದಿದ್ದರೆ ನಡುವೆಯೇ ನಿಲ್ಲುತ್ತದೆ. ಜಾಸ್ತಿಯಾದರೆ ಪೆಟ್ಟಿಗೆಗೆ ಬಡಿದು ಹಿಂದಕ್ಕೆ ಪುಟಿಯುತ್ತದೆ. ಆಗ ಹೊಕ್ಕು ಸಡಿಲವಾಗಿ ಅಂಚಿನಲ್ಲಿ ಕುಣಿಕೆ ಏಳುತ್ತದೆ. ಕಂಡಿಕೆಯ ನೂಲು ಬಿಗಿಯಾಗಿ ಬಂದರೆ ಅಂಚು ಒಳಕ್ಕೆ ಎಳೆದುಕೊಂಡು ಬಟ್ಟೆಯ ಪನ್ನ, ಅಂದರೆ ಅಗಲ, ಕಿರಿದಾಗುತ್ತದೆ. ಕಂಡಿಕೆ ಮುಗಿದದ್ದನ್ನು ಗಮನಿಸದೆ ನೇಯ್ದರೆ ಆ ಜಾಗದಲ್ಲಿ ಅಡ್ಡಗೆರೆ ಬೀಳುತ್ತದೆ. ರೇಷ್ಮೆಗೆ ಲಾಳಿಯ ಮರ ನುಣುಪಾಗಿರಲೇಬೇಕು, ಸಣ್ಣ ಸಿಬಿರೆದ್ದರೂ ಎಳೆ ಕಿತ್ತು ಬರುತ್ತದೆ.

ಒಡಲೇ ಒಂದು ಬಣ್ಣ, ಎರಡೂ ಅಂಚು ಬೇರೆ ಬಣ್ಣ ಇರುವ ಸೀರೆಗೆ ಮೂರು ಲಾಳಿ ಬೇಕು. ನಡುವಿನದು ಒಡಲಲ್ಲಿ ಮಾತ್ರ ಓಡುತ್ತದೆ, ಅಂಚಿನ ಎರಡು ತಂತಮ್ಮ ಅಂಚಿನಲ್ಲೇ ಹೋಗಿ ಬರುತ್ತವೆ. ಬಣ್ಣ ಬದಲಾಗುವಲ್ಲಿ ಎರಡು ಹೊಕ್ಕನ್ನೂ ಪ್ರತಿ ಸಾಲಿನಲ್ಲಿ ಕೊಂಡಿ ಹಾಕಬೇಕು. ಇದು ನಿಧಾನದ ಕೆಲಸ. ಇಂಥ ಸೀರೆಯ ಬೆಲೆ ಹೆಚ್ಚು ಎಂದು ಗೊಣಗುವ ಮುನ್ನ ಇದನ್ನು ನೆನೆಯಬೇಕು.

ಲಾಳಿಯ ನೂಲು ಅಂಚಿನಲ್ಲಿ ಕಡಿಯುವುದಿಲ್ಲ, ತಿರುಗಿ ಅದೇ ಎಳೆ ವಾಪಸು ಬರುತ್ತದೆ. ಹಾಗಾಗಿ ಅಂಚು ಮುಚ್ಚಿಕೊಂಡಿರುತ್ತದೆ. ಲಾಳಿಯಿಲ್ಲದ ರೇಪಿಯರ್ ಎಂಬ ಯಂತ್ರಮಗ್ಗದಲ್ಲಿ ಪ್ರತಿ ಹೊಕ್ಕನ್ನೂ ಕತ್ತರಿಸುವುದರಿಂದ ಸಾಮಾನ್ಯವಾಗಿ ಅಂಚಿನುದ್ದಕ್ಕೂ ನೂಲಿನ ತುದಿಗಳು ಕಾಣುತ್ತವೆ.

ಇನ್ನು ಬಳಕೆ. ಜೋಕಾಲಿ, ಗಡಿಯಾರದ ಲೋಲಕಗಳು ಒಂದೇ ಕಡೆ ನೇತುಬಿದ್ದು ಆಡುತ್ತವೆ. ಅವಕ್ಕೆ ತೂಗಾಡು, ಓಲಾಡು ಸರಿ. ಹೆರಿಗೆ ವಾರ್ಡಿನ ಮುಂದೆ ಆತಂಕದಿಂದ ನಡೆದಾಡುವವರು ಶತಪಥ ಹಾಕುತ್ತಾರೆ. ಖಾತೆ ಬದಲಾವಣೆಗೆಂದು ಒಂದೇ ಕಚೇರಿಗೆ ಹತ್ತಾರು ಸಲ ಹೋಗಿ ಬರಿಗೈಲಿ ಬಂದರೆ ಅದು ಎಡತಾಕುವುದು. ಲಾಳಿಗೆ ಎರಡು ದಡ ಬೇಕು, ಪ್ರತಿ ಓಟಕ್ಕೂ ಒಂದು ಎಳೆ ಸೇರಬೇಕು. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಿಂದ ನೂಲು ಬಿಚ್ಚುವ ಮನೆಗಳಿಗೆ ದಿನವಿಡೀ ಗೂಡು ಸಾಗಿಸಿ ಮತ್ತೆ ಮಾರುಕಟ್ಟೆಗೇ ಮರಳುವ ಗೂಡ್ಸ್ ಆಟೊ ‘ಲಾಳಿಯಂತೆ ಓಡಾಡುತ್ತಿದೆ’ ಎಂದರೆ ಪದ ಸರಿಯಾಗಿ ಕೂರುತ್ತದೆ. ಎರಡು ಊರುಗಳ ನಡುವೆ ಜನರನ್ನು ಒಯ್ದು ತರುವ ಶಟಲ್ ರೈಲಿನ ‘ಶಟಲ್’ ಕೂಡ ಇಂಗ್ಲಿಷಿನಲ್ಲಿ ಇದೇ ಲಾಳಿಯ ಹೆಸರು.