ಆ ಹಳೆ ಚರ್ಚಿಗೆ ಎಂಟು ಗೋಡೆ ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಹೆಪ್ಟನ್‌ಸ್ಟಾಲ್ ಎಂಬ ಊರಿನ ಮೆಥಡಿಸ್ಟ್ ಚರ್ಚಿನ ಫೋಟೊ ನೋಡಿದೆ. ನಾಲ್ಕರ ಬದಲು ಎಂಟು ಗೋಡೆಗಳಿವೆ. ಇದಕ್ಕೆ ಏನಾದರೂ ಧಾರ್ಮಿಕ ಅರ್ಥ ಇದೆಯಾ?

ಉತ್ತರ: ಇಂಥ ಕಟ್ಟಡಗಳ ಬಗ್ಗೆ ಒಂದು ಕತೆ ಹೇಳುತ್ತಾರೆ. ದೆವ್ವ ಅವಿತುಕೊಳ್ಳೋಕೆ ಮೂಲೆ ಸಿಗಬಾರದು ಅಂತ ಹೀಗೆ ಕಟ್ಟಿದರಂತೆ. ಆದರೆ ಎಂಟು ಗೋಡೆ ಇದ್ದರೆ ಎಂಟು ಮೂಲೆ. ದೆವ್ವಕ್ಕೆ ಅನುಕೂಲವೇ ಜಾಸ್ತಿ ಆಯ್ತು, ಅಲ್ವಾ? ನಿಜವಾದ ಕಾರಣ ಸರಳ: ಅದನ್ನು ಕಟ್ಟಿದ್ದು ಪ್ರಸಂಗ, ಅಂದರೆ ಪಾದ್ರಿಯ ಧರ್ಮಬೋಧನೆ ಕೇಳೋಕೆ.

ಹೆಪ್ಟನ್‌ಸ್ಟಾಲ್ ಯಾರ್ಕ್‌ಷೈರಿನ ಬೆಟ್ಟದ ಮೇಲಿರುವ ಊರು, ಆಗ ನೇಕಾರರದ್ದು. ಅಲ್ಲಿ ಆಗಲೇ ಒಂದು ಪ್ಯಾರಿಷ್ ಚರ್ಚು, ಅಂದರೆ ದೇಶದ ಅಧಿಕೃತ ಚರ್ಚಾದ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ ಊರ ಚರ್ಚು ಇತ್ತು. ಮೆಥಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ ಸ್ವತಃ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿ. 1791ರಲ್ಲಿ ಸಾಯುವವರೆಗೂ ತಾನು ಆ ಚರ್ಚು ಬಿಟ್ಟಿಲ್ಲ ಎನ್ನುತ್ತಿದ್ದರು. (ಮೈಸೂರಿನ ವೆಸ್ಲಿ ಪ್ರೆಸ್‌ಗೆ ಹೆಸರು ಬಂದದ್ದು ಇವರಿಂದಲೇ.) ಹಾಗಾಗಿ ಅವರ ಜನ ಪ್ರಭುಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ) ಪ್ಯಾರಿಷ್ ಚರ್ಚಿಗೇ ಹೋಗಬೇಕಿತ್ತು. ತಮ್ಮ ಕಟ್ಟಡವನ್ನು ಅವರು ಚರ್ಚು ಅಂತ ಕೂಡ ಕರೆಯುತ್ತಿರಲಿಲ್ಲ. ಅದು ಪ್ರಸಂಗದ ಮನೆ, ಅಷ್ಟೇ.

ಪ್ರಸಂಗದ ಮನೆಗೆ ಉದ್ದನೆಯ ಹಾಲ್ ಒಗ್ಗುವುದಿಲ್ಲ. ಮೈಕ್ ಇಲ್ಲದ ಕಾಲ ಅದು. ಹಿಂದಿನ ಬೆಂಚಿನವರಿಗೆ ಏನು ಕೇಳಿಸೀತು? ಎಂಟು ಮೂಲೆಯ ಮನೆಯಲ್ಲಿ ಎಲ್ಲರೂ ಬೋಧಕರ ಹತ್ತಿರವೇ ಕೂರುತ್ತಾರೆ. ನಾರ್ವಿಚ್ ಎಂಬ ಊರಲ್ಲಿ ಪ್ರೆಸ್ಬಿಟೇರಿಯನ್ನರು (ಇನ್ನೊಂದು ಪ್ರೊಟೆಸ್ಟಂಟ್ ಪಂಗಡದವರು) ಕಟ್ಟಿದ ಇಂಥದೊಂದು ಕಟ್ಟಡವನ್ನು ವೆಸ್ಲಿ 1757ರಲ್ಲಿ ನೋಡಿ ಮನಸೋತರು. ಆಮೇಲೆ, ಜಾಗ ಅನುಮತಿಸಿದ ಕಡೆಯೆಲ್ಲ ಎಂಟು ಮೂಲೆಯಲ್ಲೇ ಕಟ್ಟಿ ಅಂತ ನಿಯಮವನ್ನೇ ಮಾಡಿಸಿದರು. ಅದೇ ನಿಯಮಗಳಲ್ಲಿ ಇನ್ನೂ ತಮಾಷೆಯ ಮಾತುಗಳಿವೆ. ಬೆಂಚಿಗೆ ಒರಗು ಇರಬಾರದು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಅಡ್ಡಕಂಬಿ. ಒರಗು ಬೇಡ ಅಂದದ್ದು ನಿದ್ದೆಗೆ ಹೆದರಿಯೇ ಇರಬೇಕು, ಇದು ನನ್ನ ಊಹೆ.

ಹೆಪ್ಟನ್‌ಸ್ಟಾಲ್‌ನ ಕೆಲಸ ನಡೆದದ್ದು 1764ರಲ್ಲಿ. ಆ ವರ್ಷ ವೆಸ್ಲಿ ಬಂದಾಗ ಇನ್ನೂ ಗೋಡೆ ಮಾತ್ರ ಎದ್ದಿತ್ತು. ಅದರೊಳಗೇ ನಿಂತು ಪ್ರಸಂಗ ಮಾಡಿದರು. ಎಂಟು ಮೂಲೆಗೆ ಚಾವಣಿ ಕೂರಿಸುವುದು ಎಲ್ಲ ಬಡಗಿಗಳ ಕೈಯಲ್ಲಾಗುವ ಕೆಲಸವಲ್ಲ. ರಾದರ್‌ಹ್ಯಾಮ್ ಎಂಬ ಊರಲ್ಲಿ ಆಗಲೇ ಇಂಥದೊಂದು ಕಟ್ಟಿದ್ದರು. ಅಲ್ಲೇ ಇದರ ಚಾವಣಿಯೂ ತಯಾರಾಯಿತು. ಬಿಡಿಬಿಡಿ ಮಾಡಿ, ಕುದುರೆಗಳ ಮೇಲೆ ಹೇರಿ, ಬೆಟ್ಟ ಹತ್ತಿಸಿ ತಂದರು. ಊರವರು ದಾರಿಗೆ ಹೋಗಿ ಕೀರ್ತನೆ ಹಾಡುತ್ತಾ ಎದುರುಗೊಂಡರು ಅಂತ ಅಲ್ಲಿನವರು ಇಂದಿಗೂ ಹೇಳುತ್ತಾರೆ. ಹೊಸ ತೇರಿನ ಗಾಲಿ ಊರಿಗೆ ಬಂದ ಹಾಗೆ ಅನಿಸುತ್ತದೆ ನನಗೆ.

ನಿಮ್ಮ ಫೋಟೊವನ್ನು ಇನ್ನೊಮ್ಮೆ ನೋಡಿ. ಎರಡು ಬದಿ ಉಳಿದವಕ್ಕಿಂತ ಉದ್ದ ಇವೆ. ಜನ ಹೆಚ್ಚಾಗಿ ಜಾಗ ಸಾಲದಾದಾಗ, 1802ರಲ್ಲಿ ಒಂದು ತುದಿ ಕೆಡವಿ, ಪಕ್ಕದ ಗೋಡೆಗಳನ್ನು ಉದ್ದ ಮಾಡಿ, ಆ ತುದಿಯನ್ನು ಮತ್ತೆ ಕಟ್ಟಿದರು. ಈ ಆಕಾರದ ತೊಂದರೆಯೇ ಅದು: ಬೆಳೆಸೋದು ಕಷ್ಟ, ಚಾವಣಿಗೆ ಖರ್ಚು ಜಾಸ್ತಿ. ಹಾಗಾಗಿ ಮೆಥಡಿಸ್ಟರು ಬೇಗ ಚೌಕ ಕಟ್ಟಡಕ್ಕೇ ಮರಳಿದರು. ಹಳೆಯ ಎಂಟು ಮೂಲೆಯವು ಈಗ ಬೆರಳೆಣಿಕೆಯಷ್ಟು. ಯಾರ್ಮ್ ಎಂಬ ಸಣ್ಣ ಪಟ್ಟಣದಲ್ಲಿ ಒಂದಿದೆ. ಯಾರದು ಹಳೆಯದು ಅಂತ ಎರಡೂ ಊರಿನವರಿಗೆ ಪೈಪೋಟಿ.

ಇನ್ನು ಪ್ರಭುಭೋಜನಕ್ಕೆ ಹೋಗುತ್ತಿದ್ದ ಆ ಪ್ಯಾರಿಷ್ ಚರ್ಚು? 1847ರ ಬಿರುಗಾಳಿಗೆ ಹಾಳಾಯಿತು. ಪಕ್ಕದಲ್ಲೇ ಬೇರೆ ಚರ್ಚು ಕಟ್ಟಿಕೊಂಡರು. ಹಳೆಯದು ಚಾವಣಿ ಇಲ್ಲದೆ, ಬರೀ ಗೋಡೆಗಳಾಗಿ ಇವತ್ತಿಗೂ ಅಲ್ಲೇ ನಿಂತಿದೆ.