ಸಗಣಿ ಸುಟ್ಟವರ ಬೂದಿಗುಡ್ಡ

ಹಂಪಿಯ ಹತ್ತಿರ ನಿಂಬಾಪುರದಲ್ಲಿ ಒಂದು ಬೂದಿಯ ದಿಬ್ಬವಿದೆ. ವಾಲಿಯ ಚಿತೆಯ ಬೂದಿ ಅದು ಎನ್ನುತ್ತಾರೆ ಸುತ್ತಲಿನವರು. ಅಷ್ಟು ಬೂದಿ ಉಳಿಯಬೇಕಾದರೆ ಸುಟ್ಟದ್ದು ವಾಲಿಯಂಥ ಮಹಾಕಾಯನನ್ನೇ ಇರಬೇಕು, ತರ್ಕದಲ್ಲಿ ತಪ್ಪಿಲ್ಲ. ಆದರೆ ಬಳ್ಳಾರಿಯ ಕುಡತಿನಿಯಿಂದ ಸುರಪುರ ಸೀಮೆಯ ಬೂದಿಹಾಳದವರೆಗೆ, ಕೃಷ್ಣೆ ತುಂಗಭದ್ರೆಯರ ಆಸುಪಾಸಿನಲ್ಲಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚಿವೆ. ಅಷ್ಟೊಂದು ವಾಲಿಗಳನ್ನು ಎಲ್ಲಿಂದ ತರುವುದು?

ಹತ್ತೊಂಬತ್ತನೆಯ ಶತಮಾನದಿಂದ ಇವುಗಳನ್ನು ನೋಡಿದ ವಿದ್ವಾಂಸರ ಊಹೆಗಳೂ ನಮ್ಮ ಪುರಾಣಕ್ಕೆ ಸೋಲುವಂಥವಲ್ಲ. ಜ್ವಾಲಾಮುಖಿ ಎಂದವರುಂಟು, ಕಬ್ಬಿಣ ಕರಗಿಸಿದ ಕಿಟ್ಟ ಎಂದವರುಂಟು. ಇದು ಸಗಣಿಯ ಬೂದಿ ಎಂದು ಸರಿಯಾಗಿ ಹೇಳಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಪ್ರಯೋಗಾಲಯದ ಪರೀಕ್ಷೆಗಳು ಮುಂದೆ ಅದನ್ನೇ ದೃಢಪಡಿಸಿದವು. 1957ರಲ್ಲಿ ಮಹಬೂಬ್‌ನಗರ ಸೀಮೆಯ ಉಟ್ನೂರಿನಲ್ಲಿ ಅಗೆದ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್‌ಗೆ ಬೂದಿಯ ಪದರಗಳ ನಡುವೆ ಬೇಲಿಗೂಟ ನೆಟ್ಟ ಕುಳಿಗಳು ಕಂಡವು. ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಇದು ದನದ ದೊಡ್ಡಿ. ಕಾಲ ಸುಮಾರು ಐದು ಸಾವಿರದಿಂದ ಮೂರು ಸಾವಿರ ವರ್ಷಗಳ ಹಿಂದೆ. ನಮ್ಮ ಬಯಲುಸೀಮೆಯ ಮೊದಲ ಬೇಸಾಯಗಾರರ ಕಾಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ತಿಪ್ಪೆಯನ್ನು ಆಸ್ತಿ ಎಂದು ಎಣಿಸುವ ಊರಿನಲ್ಲಿ ಬೆಳೆದವರಿಗೆ, ರಾಶಿಗಟ್ಟಲೆ ಸಗಣಿಯನ್ನು ಕೂಡಿಹಾಕಿ ಸುಟ್ಟವರು ರೈತರೇ ಎಂದು ನಂಬುವುದು ಕಷ್ಟ. ಬೆಂಕಿ ಆಕಸ್ಮಿಕವೂ ಅಲ್ಲ, ಏಕೆಂದರೆ ಒಂದೇ ದಿಬ್ಬದಲ್ಲಿ ಪದರದ ಮೇಲೆ ಪದರ, ಮತ್ತೆ ಮತ್ತೆ ಸುಟ್ಟ ಗುರುತಿದೆ. ಕೆಲವೆಡೆ ಶಾಖ ಎಷ್ಟಿತ್ತೆಂದರೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಆಲ್ಚಿನ್‌ಗೆ ಇದರಲ್ಲಿ ಹಬ್ಬದ ಬೆಂಕಿ ಕಂಡಿತು. ಮಂಡ್ಯ, ಮೈಸೂರಿನ ಕಡೆ ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಆ ಊಹೆ ತೀರಾ ದೂರದ್ದೆನಿಸದು. ಆದರೂ ಅಷ್ಟು ದೀರ್ಘ ಕಾಲಕ್ಕೆ ನೇರ ಗೆರೆ ಎಳೆಯಲು ನನಗೆ ಧೈರ್ಯ ಸಾಲದು.

ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ಉತ್ಖನನ ಚಿತ್ರವನ್ನು ಹಿಗ್ಗಿಸಿತು. ಬೂದಿಯ ಪಕ್ಕದಲ್ಲೇ ಮನೆಗಳಿದ್ದವು, ಕಲ್ಲಿನ ಉಪಕರಣ ಮಾಡುವ ಜಾಗವಿತ್ತು, ದನಗಳನ್ನು ಕಡಿದು ಮಾಂಸ ಮಾಡುತ್ತಿದ್ದ ನೆಲವೂ ಇತ್ತು. ದನ ಅವರಿಗೆ ಸಂಪತ್ತು, ಊಟ, ಬಹುಶಃ ಊರು ಒಂದುಗೂಡುವ ನೆಪ.

ಹಾಗಾದರೆ ಬೆಳೆ? ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಕರಕಲಾದ ಬೀಜಗಳು ತೇಲಿ ಬರುತ್ತವೆ. ಬಳ್ಳಾರಿಯ ಸಂಗನಕಲ್ಲಿನಂಥ ನೆಲೆಗಳಿಂದ ಹೀಗೆ ಮೇಲೆ ಬಂದವು ಹೆಸರುಕಾಳು, ಹುರುಳಿ, ಕೊರಲೆ ಎಂಬ ಕಿರುಧಾನ್ಯ. ಗೋಧಿ, ಬಾರ್ಲಿ ಬಂದದ್ದು ಆಮೇಲೆ. ನಮ್ಮದೇ ಎಂದು ಬೀಗುವ ರಾಗಿಯ ತವರು ಪೂರ್ವ ಆಫ್ರಿಕ. ಕೊರಲೆಯ ಹೆಸರನ್ನು ಪೇಟೆಯವರು ಕೇಳಿದ್ದೇ ಸಿರಿಧಾನ್ಯದ ಭರಾಟೆಯಲ್ಲಿ. ತುಮಕೂರು, ಚಿತ್ರದುರ್ಗದ ಒಣ ಹೊಲಗಳಲ್ಲಿ ಅದು ಹುಣಸೆಮರದ ನೆರಳಿನಲ್ಲೂ ಸದ್ದಿಲ್ಲದೆ ಬೆಳೆಯುತ್ತಿತ್ತು. ಮೊದಲ ಮಳೆ ಕೈಕೊಟ್ಟರೂ ಮುನಿಸಿಕೊಳ್ಳದ, ಬೇಗ ಕೊಯ್ಲಿಗೆ ಬರುವ ಬೆಳೆಗಳನ್ನೇ ಆ ಜನ ಆರಿಸಿಕೊಂಡಿದ್ದರು. ಬೆಳೆ ಕೆಟ್ಟ ವರ್ಷ ದನ, ದನ ಸತ್ತ ವರ್ಷ ಹುರುಳಿ: ಬರದ ನಾಡಿನ ರೈತನ ಲೆಕ್ಕಾಚಾರ ಅಲ್ಲಿಯೇ ಶುರುವಾಗಿದೆ.

ಈಚಿನ ದಶಕಗಳಲ್ಲಿ ಹಲವು ಬೂದಿಗುಡ್ಡಗಳು ಕರಗಿವೆ. ಪುರಾತತ್ವಜ್ಞರ ಹೊಟ್ಟೆ ಉರಿಯುವುದು ಸಹಜ, ನನಗೂ ಬೇಸರವೇ. ಆದರೆ ಅವುಗಳನ್ನು ತೋಡಿದವರಲ್ಲಿ ಅಕ್ಕಪಕ್ಕದ ರೈತರೂ ಇದ್ದಾರೆ. ಬೂದಿಯನ್ನು ಗಾಡಿಗೆ ತುಂಬಿ ಅವರು ಹೊಲಕ್ಕೆ ಒಯ್ದದ್ದು, ಗೊಬ್ಬರಕ್ಕೆ.